ವಿಜಯಪುರದ ಮನೆಯಲ್ಲಿ ಡಿಎಂಆರ್ ನೋಡ್: ನನ್ನ ಅನುಭವ

ವಿಜಯಪುರದಲ್ಲಿ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ಹಿಡಿದು ಮಾಳಿಗೆ ಹತ್ತಿದರೆ ನಮ್ಮ ಬಯಲು ನೆಲ ಒಂದಿಷ್ಟು ದೂರ ಧ್ವನಿಯನ್ನು ಒಯ್ಯುತ್ತದೆ. ಅಷ್ಟರಲ್ಲಿ ಸಿಗುವ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ಬೆರಳೆಣಿಕೆಯವರು. ಬೆಂಗಳೂರು ನಾನೂರೈವತ್ತು ಕಿಲೋಮೀಟರಿಗೂ ಆಚೆ, ಹ್ಯಾಂಡಿಯ ವಿಎಚ್‌ಎಫ್ ತರಂಗಕ್ಕೆ ನಿಲುಕುವ ದೂರವಲ್ಲ. ದಿನವೂ ನಾಲ್ಕು ಜನರೊಂದಿಗೆ ಮಾತನಾಡಬೇಕು, ಪರವಾನಗಿ ಧೂಳು ಹಿಡಿಯಬಾರದು ಎಂಬ ಆಸೆಯಿಂದಲೇ ಮನೆಯಲ್ಲಿ ಡಿಎಂಆರ್ ನೋಡ್ ಕೂಡಿಸಿದೆ. ಡಿಎಂಆರ್ ಒಂದು ಡಿಜಿಟಲ್ ರೇಡಿಯೊ ವಿಧಾನ, ನೋಡ್ ಎಂದರೆ ಹ್ಯಾಂಡಿಯ ಧ್ವನಿಯನ್ನು ಇಂಟರ್ನೆಟ್ಟಿಗೆ ದಾಟಿಸುವ ಪುಟ್ಟ ಸಾಧನ.

ಮೊದಲು, ಹ್ಯಾಮ್‌ಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ಎಕೋಲಿಂಕ್ ಬಗ್ಗೆ ಯೋಚಿಸಿದ್ದೆ. ಅದಕ್ಕೆ ಹೊರಗಿನಿಂದ ಒಳಬರುವ ಯುಡಿಪಿ 5198 ಮತ್ತು 5199 ಪೋರ್ಟ್‌ಗಳು ತೆರೆದಿರಬೇಕು. ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಸಂಪರ್ಕದಲ್ಲಿ ಅದು ಆಗುವ ಕೆಲಸವಲ್ಲ, ಪ್ರಾಕ್ಸಿ (ನಡುವೆ ನಿಂತು ದಾಟಿಸುವ ಸರ್ವರ್) ಹುಡುಕಬೇಕಾಗುತ್ತದೆ. ಡಿಎಂಆರ್ ನೋಡ್ ತಾನೇ ಹೊರಟು ಸರ್ವರನ್ನು ಮುಟ್ಟುತ್ತದೆ. ರೂಟರಿನಲ್ಲಿ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ.

ಸಾಮಾನು ಹೆಚ್ಚಿಲ್ಲ. ಒಂದು ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್, ಅದರ ತಲೆಯ ಮೇಲೆ ಕೂತು ರೇಡಿಯೊ ಸಂಕೇತ ಕಳಿಸಿ ಪಡೆಯುವ ಎಂಎಂಡಿವಿಎಂ ಬೋರ್ಡು, ಗಿಡ್ಡ ಆಂಟೆನಾ, ಮೆಮೊರಿ ಕಾರ್ಡಿನಲ್ಲಿ ಇವನ್ನು ನಡೆಸುವ ತಂತ್ರಾಂಶ ಪೈ-ಸ್ಟಾರ್. ಬೋರ್ಡು ಹೊರಸೂಸುವ ಶಕ್ತಿ ಸುಮಾರು 10 ಮಿಲಿವ್ಯಾಟ್. ಮನೆ, ಅಂಗಳ, ಮಾಳಿಗೆಗೆ ಅಷ್ಟು ಸಾಕು. ರೇಡಿಯೊ ಐಡಿ ಜಾಲತಾಣದಲ್ಲಿ ಪರವಾನಗಿಯ ಪ್ರತಿ ಕೊಟ್ಟು ಏಳಂಕಿಯ ಡಿಎಂಆರ್ ಸಂಖ್ಯೆ ಪಡೆಯಬೇಕು. ಭಾರತದ ಸಂಖ್ಯೆಗಳು 404ರಿಂದ ಶುರುವಾಗುತ್ತವೆ. ನೋಡ್‌ಗಳನ್ನು ಜೋಡಿಸುವ ಸರ್ವರ್ ಜಾಲ ಬ್ರಾಂಡ್‌ಮೀಸ್ಟರ್‌ನ ಖಾತೆಯಲ್ಲಿ ಹಾಟ್‌ಸ್ಪಾಟ್ (ಇಂಥ ನೋಡ್‌ಗೇ ಇನ್ನೊಂದು ಹೆಸರು) ಪಾಸ್‌ವರ್ಡ್ ಇಟ್ಟು ಅದನ್ನೇ ಪೈ-ಸ್ಟಾರ್‌ನಲ್ಲೂ ತುಂಬಬೇಕು. ಈ ಪೈಗೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಗೊತ್ತು, ರೂಟರಿನಲ್ಲಿ ಅದು ಚಾಲೂ ಇರಲಿ.

ಇಷ್ಟನ್ನು ಯಾರಾದರೂ ಒಂದು ಸಂಜೆಯಲ್ಲಿ ಮುಗಿಸಬಹುದು. ನಿಜವಾದ ಕೆಲಸವಿರುವುದು ಹ್ಯಾಂಡಿಗೂ ನೋಡ್‌ಗೂ ನಡುವಿನ ಆ ಕೆಲವು ಮೀಟರ್ ಗಾಳಿಯಲ್ಲಿ. ಸಾವಿರಾರು ಕಿಲೋಮೀಟರಿನ ಇಂಟರ್ನೆಟ್ ದಾರಿ ತಾನಾಗಿ ನಡೆಯುತ್ತದೆ. ಧ್ವನಿ ಒಡೆಯುವುದು ಮನೆಯೊಳಗೇ.

ಫ್ರೀಕ್ವೆನ್ಸಿ ಆರಿಸುವಾಗಲೇ ಇದು ಶುರು. ನಮ್ಮ ದೇಶದಲ್ಲಿ 70 ಸೆಂಟಿಮೀಟರ್ ಬ್ಯಾಂಡ್ ಎಂದರೆ 434ರಿಂದ 438 ಮೆಗಾಹರ್ಟ್ಜ್. ಅದರಲ್ಲಿ 435ರಿಂದ ಮೇಲಿನದು ಹವ್ಯಾಸಿ ಉಪಗ್ರಹಗಳ ಜಾಗ. ಆಕಾಶದಿಂದ ಬರುವ ಕ್ಷೀಣ ಸಂಕೇತಕ್ಕೆ ಕಿವಿಗೊಟ್ಟು ಕೂತವರ ಮೇಲೆ ನಾವು ಮನೆಯಿಂದ ಗದ್ದಲ ಎಬ್ಬಿಸಬಾರದು. ತಯಾರಾಗಿ ಸಿಗುವ ಎಷ್ಟೋ ಕೋಡ್‌ಪ್ಲಗ್‌ಗಳಲ್ಲಿ (ಹ್ಯಾಂಡಿಗೆ ತುಂಬುವ ಚಾನೆಲ್ ಕಡತಗಳಲ್ಲಿ) ಹಾಟ್‌ಸ್ಪಾಟ್ ಈ ಭಾಗದಲ್ಲೇ ಇರುತ್ತದೆ, ನನಗದು ಸರಿಯೆನಿಸುವುದಿಲ್ಲ. 434ರ ಕೆಳ ಅಂಚಿಗೆ ಹೋದರೆ ರಿಮೋಟ್ ಕೀಲಿಗಳ ನೆರೆ. ನಾನು 434.8ರಿಂದ 435ರ ನಡುವೆ, ಮೊದಲು ಹಲವು ಹೊತ್ತಿನಲ್ಲಿ ಆಲಿಸಿ ಖಾಲಿ ಇದೆಯೆಂದು ಖಚಿತವಾದ ಜಾಗದಲ್ಲಿ ಕೂತಿದ್ದೇನೆ.

ಆಮೇಲೆ ಆಫ್‌ಸೆಟ್, ಅಂದರೆ ಬೋರ್ಡಿನ ಫ್ರೀಕ್ವೆನ್ಸಿಯ ತಪ್ಪನ್ನು ಸರಿದೂಗಿಸುವ ಅಂಕಿ. ಡಿಎಂಆರ್ ಸಂಕೇತ ನಾಲ್ಕು ಮಟ್ಟದ್ದು: ನಡುಬಿಂದುವಿನಿಂದ 648 ಹರ್ಟ್ಜ್ ಅಥವಾ 1944 ಹರ್ಟ್ಜ್, ಮೇಲಕ್ಕೋ ಕೆಳಕ್ಕೋ. ಒಂದು ಮಟ್ಟ ಇನ್ನೊಂದರಂತೆ ಕಾಣಲು 648 ಹರ್ಟ್ಜ್ ಸರಿದರೆ ಸಾಕು. ಫ್ರೀಕ್ವೆನ್ಸಿಯನ್ನು ನಿರ್ಧರಿಸುವ ಸ್ಫಟಿಕ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಈ ಬ್ಯಾಂಡಿನಲ್ಲಿ ಅದು 435 ಹರ್ಟ್ಜ್ ವ್ಯತ್ಯಾಸ. ಅಂದರೆ ಇದ್ದ ಅವಕಾಶದ ಮೂರನೇ ಎರಡು ಭಾಗ ಅಲ್ಲಿಗೇ ಖರ್ಚಾಯಿತು. ಅಗ್ಗದ ಬೋರ್ಡು, ಅಗ್ಗದ ಹ್ಯಾಂಡಿ ಎರಡೂ ಸೇರಿದಾಗ ಧ್ವನಿ ನೀರಿನಡಿಯಿಂದ ಬಂದಂತೆ ಕೇಳುವುದು ಇದರಿಂದಲೇ. ಇಂಟರ್ನೆಟ್ ನಿಧಾನವೆಂದು ದೂರುವ ಮೊದಲು ಇದನ್ನು ನೋಡಬೇಕು.

ನಾನು ಮಾಡುವ ಕ್ರಮ ಹೀಗಿದೆ. ನೋಡ್ ಅರ್ಧ ಗಂಟೆ ನಡೆದು ಬಿಸಿಯಾಗಲಿ. ಹ್ಯಾಂಡಿಯನ್ನು ಕಡಿಮೆ ಪವರ್‌ಗೆ ಇಟ್ಟು ಪಕ್ಕದ ಕೋಣೆಗೆ ಹೋಗುತ್ತೇನೆ. ಹತ್ತಿರ ನಿಂತು ಜೋರಾಗಿ ಹೊಡೆದರೆ ಪುಟ್ಟ ರಿಸೀವರ್ ತಡೆಯುವುದಿಲ್ಲ. 9990ಕ್ಕೆ ಪ್ರೈವೇಟ್ ಕಾಲ್ ಮಾಡಿದರೆ ಪ್ಯಾರಟ್ ಎಂಬ ಪರೀಕ್ಷಾ ಸೇವೆ ನಮ್ಮ ಮಾತನ್ನೇ ಹಿಂದಿರುಗಿಸುತ್ತದೆ. ಆಗ ಪೈ-ಸ್ಟಾರ್ ಡ್ಯಾಶ್‌ಬೋರ್ಡಿನ ಬಿಇಆರ್ (ತಪ್ಪಾಗಿ ಬಂದ ಬಿಟ್‌ಗಳ ಪ್ರಮಾಣ) ಅಂಕಣ ನೋಡಿ, ಆರ್‌ಎಕ್ಸ್ (ಸ್ವೀಕರಿಸುವ) ಆಫ್‌ಸೆಟ್ಟನ್ನು ನೂರು ಹರ್ಟ್ಜ್‌ನಂತೆ ಸರಿಸುತ್ತೇನೆ, ಇಳಿಯತೊಡಗಿದ ಮೇಲೆ ಐವತ್ತರಂತೆ. ಶೇ. 1ಕ್ಕಿಂತ ಕೆಳಗೆ ಬಂದರೆ ನಿಲ್ಲಿಸಿ, ಟಿಎಕ್ಸ್ (ಕಳಿಸುವ) ಆಫ್‌ಸೆಟ್‌ಗೂ ಅದೇ ಅಂಕಿ ಕೊಡುತ್ತೇನೆ. ಈ ಕೆಲಸ ಮುಗಿದ ಸಂಜೆ ಬೆಂಗಳೂರಿನ ಹಿರಿಯರೊಬ್ಬರು, "ಈಗ ನೋಡಿ, ಎದುರಿಗೆ ಕೂತು ಮಾತನಾಡಿದ ಹಾಗಿದೆ" ಎಂದರು. ಅಷ್ಟು ಸಂತೋಷ ನನಗೆ ನೋಡ್ ಮೊದಲ ಸಲ ಸರ್ವರ್ ಮುಟ್ಟಿದಾಗಲೂ ಆಗಿರಲಿಲ್ಲ.

ನಮ್ಮೂರಿನ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಮಾಳಿಗೆಯ ಕೆಳಗಿನ ಕೋಣೆ ರಾತ್ರಿಯವರೆಗೂ ಕಾದಿರುತ್ತದೆ, ಫ್ರೀಕ್ವೆನ್ಸಿ ಜಾರುತ್ತದೆ. ನೋಡ್ ಈಗ ಕೆಳಮನೆಯಲ್ಲಿ, ಉತ್ತರದ ಗೋಡೆಯ ಗೂಡಿನಲ್ಲಿದೆ, ಮುಚ್ಚಳವಿಲ್ಲದೆ. ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಆಫ್‌ಸೆಟ್ ಪರೀಕ್ಷಿಸುತ್ತೇನೆ. ಕರೆಂಟ್ ಹೋಗಿಬಂದರೆ ಕಾರ್ಡು ಕೆಡುವ ಭಯ ಕಡಿಮೆ, ಪೈ-ಸ್ಟಾರ್ ತನ್ನ ಕಡತಗಳನ್ನು ಓದಲು ಮಾತ್ರ ತೆರೆದಿಡುತ್ತದೆ. ಆದರೂ ರೂಟರಿಗೂ ನೋಡ್‌ಗೂ ಒಂದು ಪುಟ್ಟ ಯುಪಿಎಸ್ ಕೊಟ್ಟಿದ್ದೇನೆ.

ಗಾಳಿಗೆ ಬಂದ ಮೇಲೆ ಒಂದು ಮಾತು. ಟಾಕ್ ಗ್ರೂಪ್ 404 ಭಾರತದ ಹ್ಯಾಮ್‌ಗಳು ಒಟ್ಟಾಗಿ ಮಾತನಾಡುವ ಚಾವಡಿ, ಅಲ್ಲಿ ದೇಶವಿಡೀ ಕೇಳುತ್ತಿರುತ್ತದೆ. ಒಬ್ಬರು ಮುಗಿಸಿದ ಕೂಡಲೇ ಗುಂಡಿ ಒತ್ತದೆ ಎರಡು ಮೂರು ಸೆಕೆಂಡ್ ಬಿಡಿ, ಹೊಸಬರಿಗೆ ಕಾಲ್‌ಸೈನ್ (ಪರವಾನಗಿಯ ಜೊತೆ ಸಿಗುವ ಗುರುತು) ಹೇಳಲು ಸಿಗುವ ಜಾಗ ಅದೊಂದೇ. ಪರೀಕ್ಷೆಗೆ ಓದುತ್ತಿರುವ ಓಣಿಯ ಹುಡುಗರು ನನ್ನ ಮನೆಗೆ ಬಂದು ಕೇಳುತ್ತಾರೆ. ಪರವಾನಗಿ ಕೈಗೆ ಬರುವವರೆಗೆ ಗುಂಡಿ ಅವರದಲ್ಲ.

ಇದನ್ನು ಪ್ರವಾಹದ ಕಾಲದ ವ್ಯವಸ್ಥೆ ಎಂದು ಮಾತ್ರ ಯಾರೂ ನಂಬಬೇಡಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದ್ದನ್ನು ಈ ಸೀಮೆ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಇಂಟರ್ನೆಟ್ ಹೋದರೆ ನೋಡ್ ಮೂಕ. ಹಾಗಾಗಿ 2 ಮೀಟರಿನ ಎಫ್‌ಎಂ ಸೆಟ್ಟು, 12 ವೋಲ್ಟ್ ಬ್ಯಾಟರಿ, ಮಾಳಿಗೆಯ ಯಾಗಿ (ಒಂದೇ ದಿಕ್ಕಿಗೆ ಮುಖಮಾಡುವ ಆಂಟೆನಾ) ಎಲ್ಲವನ್ನೂ ಸಿದ್ಧವಾಗಿಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಯಾಗಿಯನ್ನು ಜಮಖಂಡಿಯ ದಿಕ್ಕಿಗೆ ತಿರುಗಿಸಿ, ಸರ್ವರಿನ ಹಂಗಿಲ್ಲದೆ ನೇರ ಸಂಪರ್ಕ ಎಷ್ಟು ಸಿಗುತ್ತದೆಂದು ಅಲ್ಲಿಯ ಗೆಳೆಯರೊಂದಿಗೆ ನೋಡಿಕೊಳ್ಳುತ್ತೇನೆ.