ಗ್ರೀನ್‌ಲಾ ನಿಂತ ಜಾಗ ಹುಡುಕುತ್ತ ಹಂಪಿಯಲ್ಲಿ

ಹಂಪಿಯ ಕಲ್ಲಿನ ರಥಕ್ಕೆ ಒಂದು ಕಾಲದಲ್ಲಿ ಶಿಖರವಿತ್ತು. ಇಟ್ಟಿಗೆ, ಗಾರೆಯಲ್ಲಿ ಕಟ್ಟಿದ್ದ ಶಿಖರ. 50 ರೂಪಾಯಿ ನೋಟಿನಲ್ಲಿರುವ ರಥವನ್ನೇ ಕಂಡ ಕಣ್ಣಿಗೆ ಅದನ್ನು ಊಹಿಸಿಕೊಳ್ಳುವುದೂ ಕಷ್ಟ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ನಿಂತೇ ಇದೆ. ಆಮೇಲೆ, ಅದೇ ಶತಮಾನ ಮುಗಿಯುವುದರೊಳಗೆ, ಇಳಿಸಿಬಿಟ್ಟರು. ಆ ಫೋಟೋ ನೋಡಿದಾಗಿನಿಂದ ನನಗೆ ಒಂದೇ ಹಂಬಲ: ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗದಲ್ಲೇ ನಾನೂ ಇಟ್ಟು ತೆಗೆಯಬೇಕು. ಸುಮಾರಾಗಿ ಅಲ್ಲೆಲ್ಲೋ ಅಲ್ಲ, ಗೇಣು ಆಚೀಚೆ ಆಗದ ಹಾಗೆ.

ಈ ಕೆಲಸ ಹೊಸದಲ್ಲ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲೇ ಗ್ರೀನ್‌ಲಾ ಚಿತ್ರಗಳನ್ನು ಹಿಡಿದು ಹಂಪಿಗೆ ಬಂದು ಅದೇ ಜಾಗಗಳಿಂದ ಮತ್ತೆ ತೆಗೆದಿದ್ದಾರೆ. ನಾನು ಮಾಡುತ್ತಿರುವುದು ಅದನ್ನೇ, ನನ್ನ ಕೈಗೆಟಕುವ ಸಾಮಾನಿನಲ್ಲಿ.

ಮೊದಲು ಹಳೆಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ. ಹತ್ತಿರದ ಕಂಬದ ಅಂಚಿಗೂ ದೂರದ ಗುಂಡುಗಲ್ಲಿನ ತುದಿಗೂ ತಾಗುವ, ಮೇಲಿಂದ ಕೆಳಕ್ಕೆ ಇಳಿಯುವ ಒಂದು ನೇರ ಗೆರೆ. ಇನ್ನೊಂದು ಬದಿಯಲ್ಲಿ ಅಂಥದೇ ಇನ್ನೊಂದು ಜೋಡಿ. ಸ್ಥಳಕ್ಕೆ ಹೋದಾಗ ಮೊದಲ ಜೋಡಿ ಒಂದರ ಹಿಂದೆ ಒಂದು ಬರುವವರೆಗೆ ಎಡಕ್ಕೆ, ಬಲಕ್ಕೆ ಸರಿಯಬೇಕು. ಆ ಗೆರೆ ಬಿಡದೆ ಹಿಂದೆ ಮುಂದೆ ನಡೆದರೆ ಒಂದು ಕಡೆ ಎರಡನೆಯ ಜೋಡಿಯೂ ಕೂಡಿಬರುತ್ತದೆ. ಅದೇ ಜಾಗ. ಲೆನ್ಸಿನ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಗಲವಾಗಿ ತೆಗೆದು ಆಮೇಲೆ ಅಂಚು ಕತ್ತರಿಸಬಹುದು. ನಿಂತ ಜಾಗ ತಪ್ಪಿದರೆ ಮಾತ್ರ ಯಾವ ಸಾಫ್ಟ್‌ವೇರೂ ಸರಿಮಾಡಲಾರದು.

ಹಂಪಿಯಲ್ಲಿ ಈ ಕೆಲಸ ಸಾಧ್ಯವಾಗುವುದೇ ಗುಂಡುಗಳಿಂದ. ಗಿಡಮರ ಬದಲಾಗಿವೆ, ಗೋಪುರದ ಗಾರೆ ಉದುರಿದೆ, ಆದರೆ ಮಾತಂಗ ಬೆಟ್ಟದ ಮೇಲಿನ ಬಂಡೆಗಳ ಸಾಲು ಹಾಗೇ ಇದೆ. ಒಂದು ಚಿತ್ರದಲ್ಲಿ ಹಿನ್ನೆಲೆಯ ಗುಂಡು ಯಾವುದೆಂದು ತಿಳಿಯದೆ ನಿಂತಿದ್ದಾಗ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಬಂದು ಪ್ರಿಂಟನ್ನು ಕೈಗೆ ತೆಗೆದುಕೊಂಡು ನೋಡಿದರು. "ಈ ಗುಂಡು ಹೊಳಿ ಕಡಿಂದ ನೋಡಿದ್ರ ಅಷ್ಟ ಹಿಂಗ ಕಾಣ್ತೈತ್ರಿ, ನೀವು ಆ ಕಡಿಗಿ ಹೋಗಬೇಕು" ಅಂದರು. ಹೋದೆ, ಇತ್ತು.

ಜಾಗ ಸಿಕ್ಕ ಮೇಲೆ ಎತ್ತರ. ಗುಡಿಯ ಅಧಿಷ್ಠಾನದಲ್ಲಿ (ಗುಡಿ ನಿಂತ ಕಲ್ಲಿನ ಪೀಠ), ಗೋಡೆಯಲ್ಲಿ ಅಡ್ಡಪಟ್ಟಿಗಳಿರುತ್ತವಲ್ಲ, ಓರೆಯಾಗಿ ನೋಡಿದಾಗ ಕಣ್ಣಿನ ಮಟ್ಟಕ್ಕಿಂತ ಮೇಲಿನವು ದೂರ ಹೋಗುತ್ತ ಇಳಿಯುತ್ತವೆ, ಕೆಳಗಿನವು ಏರುತ್ತವೆ. ಫೋಟೋದಲ್ಲಿ ಯಾವ ಪಟ್ಟಿ ಏರದೆ ಇಳಿಯದೆ ಮಟ್ಟಸವಾಗಿದೆಯೋ ಅದೇ ಕ್ಯಾಮೆರಾದ ಎತ್ತರ. ಕೆಲವು ಕಡೆ ಅದು ನನ್ನ ತಲೆಗಿಂತ ಮೇಲಿರುತ್ತದೆ. ಅಂದು ಮಣ್ಣು ತುಂಬಿದ್ದ ಅಂಗಳಗಳನ್ನು ಆಮೇಲೆ ಅಗೆದು ಶುಚಿ ಮಾಡಿದ್ದಾರೆ, ನೆಲವೇ ಕೆಳಗಿಳಿದಿದೆ. ಅಂಥಲ್ಲಿ ಉದ್ದ ಕೋಲಿನ ತುದಿಗೆ ಕ್ಯಾಮೆರಾ ಸಿಕ್ಕಿಸಿ, ಮೊಬೈಲಿನಲ್ಲಿ ನೋಡುತ್ತ ತೆಗೆಯುತ್ತೇನೆ. ಟ್ರೈಪಾಡ್ ಬಳಸುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಹೊತ್ತು ತಿಳಿಯಲು ನೆರಳೇ ಸಾಕು. ಹಂಪಿಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಉತ್ತರದ ಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿದ್ದರೆ ಅದು ಚಳಿಗಾಲದ ಚಿತ್ರವಲ್ಲ.

ಇಷ್ಟೆಲ್ಲ ಹೊಂದಿಸಿದರೂ ನನ್ನ ಫೋಟೋ ಗ್ರೀನ್‌ಲಾ ಫೋಟೋದಂತೆ ಕಾಣುತ್ತಿರಲಿಲ್ಲ. ಕಾರಣ ಅವರ ಕಾಗದದಲ್ಲಿತ್ತು. ಅವರು ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಈ ವಿಧಾನವನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ್ದರು. ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದ ಕಾಗದವನ್ನು ಒಣಗಿಸಿ ಕೆಲವು ದಿನ ಇಟ್ಟುಕೊಳ್ಳಬಹುದಿತ್ತು, ಹಾಗಾಗಿ ಗಾಜಿನ ನೆಗೆಟಿವ್ ಬಳಸುವವರ ಹಾಗೆ ಗಾಜಿನ ತಟ್ಟೆಗಳನ್ನೂ ಕತ್ತಲೆ ಡೇರೆಯನ್ನೂ ಹೊತ್ತು ತಿರುಗಬೇಕಿರಲಿಲ್ಲ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ವಿಧಾನ. ಆದರೆ ಆ ಕಾಗದ ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತಿತ್ತು, ಕೆಂಪು ಅದರ ಪಾಲಿಗೆ ಕತ್ತಲೆ. ಗುಡಿಯ ಗೋಡೆಗೆ ಬಳಿದ ಕೆಮ್ಮಣ್ಣಿನ ಪಟ್ಟೆ ಅದರಲ್ಲಿ ಕಪ್ಪಾಗುತ್ತದೆ, ಕೆಂಪು ರುಮಾಲೂ ಕಪ್ಪಾಗುತ್ತದೆ. ಈಗ ನಾನು ಬಣ್ಣದಲ್ಲಿ ತೆಗೆದು, ನೀಲಿ ಚಾನೆಲ್, ಅಂದರೆ ಚಿತ್ರದ ನೀಲಿ ಬೆಳಕಿನ ಭಾಗ, ಅದೊಂದನ್ನೇ ಉಳಿಸಿಕೊಂಡು ಕಪ್ಪುಬಿಳುಪು ಮಾಡುತ್ತೇನೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಹೋಲಿಕೆ ಕೂಡಿಬರುವುದು ಆಗಲೇ.

ಇಲ್ಲಿಂದ ಮುಂದೆ ನಾನು ಹೇಳಲೇಬೇಕಾದ ಮಾತು ಜನರದ್ದು. ಗ್ರೀನ್‌ಲಾ ಹಂಪಿ ನಿರ್ಜನವಾಗಿ ಕಾಣುತ್ತದೆ. ಆ ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಳೇ ಹಿಡಿಯುತ್ತಿದ್ದವು. ಅಷ್ಟು ಹೊತ್ತು ಕದಲದೆ ನಿಂತವರು ಮಾತ್ರ ಉಳಿದರು. ನೀರು ಹೊತ್ತು ಹೋದವಳು, ದನ ಹೊಡೆದುಕೊಂಡು ಹೋದವನು, ವಿರೂಪಾಕ್ಷನಿಗೆ ಕೈಮುಗಿದು ಹೊರಬಂದವರು ಯಾರಾದರೂ ಆ ಹೊತ್ತಿನಲ್ಲಿ ಅಲ್ಲಿ ಹಾದುಹೋಗಿದ್ದರೆ, ಅವರ ಗುರುತೂ ಉಳಿಯುತ್ತಿರಲಿಲ್ಲ. ನಾನೇ ಗಾಢ ಫಿಲ್ಟರ್ ಹಾಕಿ ನಿಮಿಷಗಟ್ಟಲೆ ಶಟರ್ ತೆರೆದಿಟ್ಟು ನೋಡಿದ್ದೇನೆ: ಜನ ತುಂಬಿದ ಬೀದಿ ಖಾಲಿ ಬೀದಿಯಾಗುತ್ತದೆ. ಹಾಳೂರು ಹಂಪಿ ಎಂಬ ನಮ್ಮ ಕಲ್ಪನೆಯಲ್ಲಿ ಈ ಕಾಗದದ ಪಾಲೂ ಇದೆ ಎಂದು ನಾನು ನಂಬಿದ್ದೇನೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದಾಗ, ಆ ಖಾಲಿ ಚಿತ್ರವನ್ನೇ ನೆಲದ ಮೇಲೆ ಮತ್ತೆ ಬರೆದಂತೆ ನನಗೆ ಕಂಡಿತು.

ಗ್ರೀನ್‌ಲಾ ಕಾಲದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಥಾಮಸ್ ಬಿಗ್ಸ್ ಬಾದಾಮಿ, ಐಹೊಳೆ, ಬಿಜಾಪುರಗಳನ್ನೂ, ಲಿನಿಯಸ್ ಟ್ರೈಪ್ ತಂಜಾವೂರು, ಮದುರೆಗಳನ್ನೂ ತೆಗೆದರು. ಅಂಥ ಚಿತ್ರಗಳಲ್ಲಿ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿದ್ದರೆ, ಹೆಚ್ಚಾಗಿ ಕಂಬದ ಎತ್ತರ ತೋರಿಸಲು ನಿಲ್ಲಿಸಿದವನೇ. ಅಡಿಬರಹದಲ್ಲಿ ಗುಡಿಯ ಹೆಸರಿರುತ್ತದೆ, ಅವನ ಹೆಸರಿರುವುದಿಲ್ಲ. ಅವನನ್ನು ಅಳತೆಗೋಲಾಗಿ ಬಳಸುವುದು ನನಗೂ ಅನಿವಾರ್ಯ, ಆದರೂ ಪ್ರಿಂಟಿನಲ್ಲಿ ಮೊದಲು ಹುಡುಕುವುದು ಅವನನ್ನೇ. ಕಾಲು ಸ್ಪಷ್ಟವಾಗಿದ್ದು ತಲೆ ಮಸುಕಾಗಿದ್ದರೆ, ನಿಲ್ಲು ಅಂದಾಗ ನಿಂತಿದ್ದಾನೆ, ನಡುವೆ ಯಾರತ್ತಲೋ ತಿರುಗಿ ನೋಡಿದ್ದಾನೆ ಎಂದರ್ಥ.

ನನ್ನ ಪ್ರತಿ ಚಿತ್ರದ ಜೊತೆ ಜಿಪಿಎಸ್ ಗುರುತು, ನೆಲದಿಂದ ಲೆನ್ಸಿನ ಎತ್ತರ, ದಿನ, ಹೊತ್ತು ಬರೆದಿಡುತ್ತೇನೆ, ಮುಂದಿನವರು ಮತ್ತೆ ಗೆರೆ ಎಳೆಯುತ್ತ ಕೂರಬೇಕಾಗಬಾರದು. ಚೌಕಟ್ಟಿನಲ್ಲಿ ಯಾರಾದರೂ ನಿಲ್ಲಲು ಒಪ್ಪಿದರೆ ಅವರ ಹೆಸರು, ಕಸುಬು ಕೇಳಿ, ಅವರಿಗೆ ಅಭ್ಯಂತರವಿಲ್ಲದಿದ್ದರೆ ಅದೇ ಸಾಲಿನಲ್ಲಿ ಸೇರಿಸುತ್ತೇನೆ. ಒಂದು ಪ್ರಿಂಟ್ ಅವರಿಗೆ ಕೊಡುತ್ತೇನೆ.