ಹಿಪ್ಪುನೇರಳೆ ಪೈ, ನಿಂಬೆ ಪೈ: ಹೂರಣ ಸೋರದಂತೆ, ತಳ ಹಸಿಯಾಗದಂತೆ

ಹಣ್ಣಿನ ಪೈ ಕೆಡುವುದು ಬಹುಮಟ್ಟಿಗೆ ನೀರಿನಿಂದ. ಹಿಪ್ಪುನೇರಳೆಯಿರಲಿ, ಸ್ಟ್ರಾಬೆರಿಯಿರಲಿ, 100 ಗ್ರಾಂ ಹಣ್ಣಿನಲ್ಲಿ 85ರಿಂದ 91 ಗ್ರಾಂ ನೀರೇ ಇರುತ್ತದೆ. ಓವನ್ನಿನ ಬಿಸಿಗೆ ಹಣ್ಣು ಒಡೆದು ಅಷ್ಟೂ ನೀರು ಹೊರಗೆ ಬರುತ್ತದೆ. ಬಂದ ರಸವನ್ನು ಹಿಡಿದು ನಿಲ್ಲಿಸಲು ಹೂರಣದಲ್ಲಿ ಹಿಟ್ಟು ಸಾಕಷ್ಟಿರಬೇಕು. ರಸ ಇಳಿಯುವ ಹೊತ್ತಿಗೆ ಕೆಳಗಿನ ಕಣಕವೂ ಬೆಂದು ಗಟ್ಟಿಯಾಗಿರಬೇಕು. ನಾನು ಮತ್ತೆ ಮತ್ತೆ ಮಾಡುವ ಎರಡು ಪೈಗಳನ್ನು ಇಲ್ಲಿ ಬರೆದಿದ್ದೇನೆ. ಒಂದು ಕಿತ್ತಳೆ ಸಿಪ್ಪೆಯ ಘಮವಿರುವ ಹಿಪ್ಪುನೇರಳೆ ಪೈ, ಇನ್ನೊಂದು ನಿಂಬೆ ಪೈ. ಎರಡಕ್ಕೂ 9 ಇಂಚಿನ, ಅಂದರೆ 23 ಸೆಂ.ಮೀ. ಅಗಲದ ತಟ್ಟೆ ಮತ್ತು 30 ಲೀಟರಿಗೆ ಕಡಿಮೆಯಿಲ್ಲದ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಬೇಕು. ತೂಕದ ತಕ್ಕಡಿಯೂ ಬೇಕೇ ಬೇಕು. ಒಂದು ಕಪ್ ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಪೈ ಕಣಕ ಅಷ್ಟು ವ್ಯತ್ಯಾಸವನ್ನು ತಡೆಯುವುದಿಲ್ಲ.

ಕಣಕದ ಅಳತೆ ನೆನಪಿಡಲು ಸುಲಭ: ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ನೀರು. ಮೇಲೂ ಕೆಳಗೂ ಹೊದಿಕೆಯಿರುವ ಪೈಗೆ 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, ಹೆಚ್ಚೆಂದರೆ 100 ಮಿ.ಲೀ. ಐಸ್ ನೀರು, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ವಿನೆಗರ್. ಬೆಣ್ಣೆ ಉಪ್ಪಿಲ್ಲದ್ದಾದರೆ ಅರ್ಧ ಸಣ್ಣ ಚಮಚ ಉಪ್ಪು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳದಿ ಟೇಬಲ್ ಬಟರ್‌ನಲ್ಲಿ ಉಪ್ಪು ಇದ್ದೇ ಇರುತ್ತದೆ, ಅದಕ್ಕೆ ಮತ್ತೆ ಹಾಕಬೇಡಿ. ಬೆಣ್ಣೆಯ ಬದಲು ತುಪ್ಪ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ತುಪ್ಪದಲ್ಲಿ ನೀರಿನಂಶವಿಲ್ಲ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರಿದೆ, ಅದು ಓವನ್ನಿನಲ್ಲಿ ಆವಿಯಾಗಿ ಕಣಕವನ್ನು ಪದರ ಪದರವಾಗಿ ಎತ್ತುತ್ತದೆ. ತುಪ್ಪದ ಕಣಕ ನಾನ್‌ಖಟಾಯ್‌ನಂತೆ ಪುಡಿಪುಡಿಯಾಗುತ್ತದೆ. ರುಚಿಗೆ ಚೆನ್ನ, ಆದರೆ ರಸ ತುಂಬಿದ ಹಣ್ಣನ್ನು ಹೊರುವ ಶಕ್ತಿ ಅದಕ್ಕಿಲ್ಲ.

ಹೋಳಿಗೆಯ ಕಣಕವನ್ನು ನಾದಿದಷ್ಟೂ ಒಳ್ಳೆಯದು. ಇಲ್ಲಿ ನಾದಲೇಬಾರದು. ನಾದಿದರೆ ಮೈದಾದ ಗ್ಲುಟೆನ್ ಬಿಗಿಯಾಗಿ, ಬೇಯುವಾಗ ಕಣಕ ತಟ್ಟೆಯ ಅಂಚಿನಿಂದ ಕೆಳಗೆ ಜಾರುತ್ತದೆ, ತಿನ್ನುವಾಗ ರಬ್ಬರಿನಂತೆ ಎಳೆಯುತ್ತದೆ. ಇಲ್ಲಿ ಬೇಕಾದದ್ದು ಚಿರೋಟಿಯ ಪದರ. ಚಿರೋಟಿಯಲ್ಲಿ ಸಾಟಿ ಸವರಿ ಮಡಿಸುತ್ತೇವೆ, ಪೈಯಲ್ಲಿ ಆ ಕೆಲಸವನ್ನು ಕರಗದೆ ಉಳಿದ ಬೆಣ್ಣೆಯ ಚೂರುಗಳು ಮಾಡುತ್ತವೆ. ಆದ್ದರಿಂದ ಬೆಣ್ಣೆ ಕರಗಬಾರದು. ಬೇಸಿಗೆಯಲ್ಲಿ ಅಡುಗೆಮನೆ 30 ಡಿಗ್ರಿ ಮುಟ್ಟಿರುತ್ತದೆ, ಬೆಣ್ಣೆ 20 ಡಿಗ್ರಿಗೇ ಮೆತ್ತಗಾಗಿಬಿಡುತ್ತದೆ. ಬೆಣ್ಣೆಯನ್ನು ಒಂದು ಸೆಂ.ಮೀ. ತುಂಡು ಮಾಡಿ 15 ನಿಮಿಷ ಫ್ರೀಜರಿನಲ್ಲಿಡಿ. ಮೈದಾ, ಪಾತ್ರೆ, ಲಟ್ಟಣಿಗೆ ಮೂರನ್ನೂ ಫ್ರಿಜ್ಜಿಗೆ ಸೇರಿಸಿ. ಬೆಳಗಿನ ತಂಪಿನಲ್ಲೇ ಈ ಕೆಲಸ ಮುಗಿಸಿದರೆ ಅರ್ಧ ಗೆದ್ದಂತೆ.

ಬೆಣ್ಣೆಯನ್ನು ಮೈದಾಕ್ಕೆ ಹಾಕಿ ಬೆರಳ ತುದಿಯಲ್ಲಷ್ಟೇ ಉಜ್ಜಿ. ಅಂಗೈ ತಾಗಬಾರದು, ಅದರ ಬಿಸಿ ಹೆಚ್ಚು. ಚೂರುಗಳೆಲ್ಲ ಒಂದೇ ಗಾತ್ರಕ್ಕೆ ಬರಬೇಕಿಲ್ಲ. ಕೆಲವು ರವೆಯಂತೆ, ಕೆಲವು ಅವರೆಕಾಳಿನಷ್ಟು ಇರಲಿ. ಆಮೇಲೆ ವಿನೆಗರ್ ಬೆರೆಸಿದ ಐಸ್ ನೀರನ್ನು ಒಂದೊಂದೇ ಚಮಚ ಚಿಮುಕಿಸಿ. 75 ಮಿ.ಲೀ. ಹಾಕಿದ ಮೇಲೆ ನಿಲ್ಲಿಸಿ, ಒಂದು ಹಿಡಿ ತೆಗೆದುಕೊಂಡು ಒತ್ತಿ ನೋಡಿ. ಉಂಡೆಯಾಗಿ ನಿಂತರೆ ಸಾಕು. ಬಿರುಕು ಬಿಟ್ಟು ಉದುರಿದರೆ ಇನ್ನೊಂದು ಚಮಚ. ಕೈಗೆ ಅಂಟಿದರೆ ನೀರು ಹೆಚ್ಚಾಗಿದೆ ಎಂದರ್ಥ, ಅದಕ್ಕೆ ಮತ್ತೆ ಮೈದಾ ಸೇರಿಸಿದರೆ ಗಟ್ಟಿಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ. ಎರಡು ಭಾಗ ಮಾಡಿ, ಕೆಳಗಿನದು ಸ್ವಲ್ಪ ದೊಡ್ಡದಿರಲಿ, ಬಿಲ್ಲೆಯಂತೆ ತಟ್ಟಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕನಿಷ್ಠ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಚೆನ್ನ. ಕಣಕಕ್ಕೆ ಅಡುಗೆ ಸೋಡಾವನ್ನಾಗಲಿ ಬೇಕಿಂಗ್ ಪೌಡರನ್ನಾಗಲಿ ಹಾಕಬೇಡಿ. ನೇರಳೆ ಬಣ್ಣದ ಹಣ್ಣುಗಳ ಬಣ್ಣ ಹುಳಿಯಲ್ಲಿ ಕೆಂಪಗೆ, ಸೋಡಾ ತಾಗಿದರೆ ನೀಲಿ-ಬೂದಿಗೆ ತಿರುಗುತ್ತದೆ. ಆ ಪೈ ನೋಡಿದರೆ ತಿನ್ನುವ ಮನಸ್ಸೇ ಬರುವುದಿಲ್ಲ.

ಈಗ ಹಣ್ಣು. ಹಿಪ್ಪುನೇರಳೆ 700 ಗ್ರಾಂ ಬೇಕು. ರೇಷ್ಮೆ ಬೆಳೆಯುವ ನಮ್ಮ ನಾಡಿನಲ್ಲಿ ಗಿಡಕ್ಕೆ ಬರವಿಲ್ಲ, ಆದರೆ ಎಲೆಗಾಗಿ ಮತ್ತೆ ಮತ್ತೆ ಕಟಾವು ಮಾಡುವ ತೋಟದಲ್ಲಿ ಹಣ್ಣು ನಿಲ್ಲುವುದು ಕಡಿಮೆ. ಹಿತ್ತಲಲ್ಲಿ ಎತ್ತರಕ್ಕೆ ಬಿಟ್ಟ ಮರದ ಹಣ್ಣೇ ಪೈಗೆ ಸರಿ. ಪೂರ್ತಿ ಕಪ್ಪಾದವು ಸಿಹಿ, ಇನ್ನೂ ಕೆಂಪಿರುವವು ಹುಳಿ. ನಾಲ್ಕಕ್ಕೆ ಒಂದರಷ್ಟು ಕೆಂಪು ಹಣ್ಣು ಬೆರೆತರೆ ರುಚಿಗೆ ಜೀವ ಬರುತ್ತದೆ. ತೊಟ್ಟು ಹಣ್ಣಿನ ನಡುವಿನವರೆಗೂ ಇಳಿದಿರುತ್ತದೆ, ಎಳೆದರೆ ಹಣ್ಣೇ ಹಿಸುಕಿಹೋಗುತ್ತದೆ. ಸಣ್ಣ ಕತ್ತರಿಯಿಂದ ಹೊರಗಿನ ತುದಿಯನ್ನು ಕತ್ತರಿಸಿದರೆ ಸಾಕು. ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿ.

ಸಿಪ್ಪೆಯ ತುರಿಯನ್ನು ತೆಗೆಯುವುದರಲ್ಲಿ ಅವಸರ ಬೇಡ. ಕೊಡಗಿನ ಕಿತ್ತಳೆಯಾಗಲಿ ನಾಗಪುರದ್ದಾಗಲಿ ಸಿಪ್ಪೆ ಸಡಿಲ, ತುರಿಮಣೆಗೆ ಒತ್ತಿದರೆ ಒಳಕ್ಕೆ ಕುಸಿಯುತ್ತದೆ. ಆದ್ದರಿಂದ ಹಣ್ಣನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಇಡಿಯಾಗಿರುವಾಗಲೇ ಸಣ್ಣ ತೂತಿನ ತುರಿಮಣೆಯಲ್ಲಿ ಹಗುರವಾಗಿ, ಒಂದು ಜಾಗದಲ್ಲಿ ಒಂದೇ ಸಲ ತುರಿಯಿರಿ. ಬಣ್ಣದ ಪದರ ಮಾತ್ರ ಬೇಕು, ಅದರ ಕೆಳಗಿನ ಬಿಳಿ ಭಾಗ ಕಹಿ. ಹೊರದೇಶದಿಂದ ಬಂದ ಹೊಳೆಯುವ ಕಿತ್ತಳೆಯ ಮೇಲೆ ಮೇಣವಿರುತ್ತದೆ, ಬಿಸಿ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ ಒರೆಸಿಕೊಳ್ಳಿ. ಒಂದು ಹಣ್ಣಿನ ತುರಿಯನ್ನು 130 ಗ್ರಾಂ ಸಕ್ಕರೆಗೆ ಹಾಕಿ ಬೆರಳುಗಳಿಂದ ಎರಡು ನಿಮಿಷ ತಿಕ್ಕಿ. ಸಕ್ಕರೆಯ ಹರಳು ಸಿಪ್ಪೆಯ ಎಣ್ಣೆಯ ಚೀಲಗಳನ್ನು ಒಡೆಯುತ್ತದೆ. ಸಕ್ಕರೆ ಒದ್ದೆ ಮರಳಿನಂತಾಗಿ, ತಿಳಿ ಕೇಸರಿ ಬಣ್ಣಕ್ಕೆ ತಿರುಗಿ, ಘಮ ಮನೆಯೆಲ್ಲ ಹರಡುತ್ತದೆ. ತುರಿಯನ್ನು ನೇರವಾಗಿ ಹಣ್ಣಿಗೆ ಹಾಕಿದರೆ ಈ ಘಮದ ಅರ್ಧವೂ ಸಿಗುವುದಿಲ್ಲ.

ಈ ಸಕ್ಕರೆಯನ್ನು ಹಣ್ಣಿಗೆ ಬೆರೆಸಿ 40 ನಿಮಿಷ ಬಿಡಿ. ರಸ ಇಳಿದಿರುತ್ತದೆ. ಜರಡಿಯಲ್ಲಿ ಸೋಸಿ, ರಸವನ್ನಷ್ಟೇ ಸ್ಟೀಲ್ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಪೂರ್ತಿ ಆರಿಸಿ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ, ಹುಳಿ ತಾಗಿ ಲೋಹದ ರುಚಿ ಬರುತ್ತದೆ. ಆರಿದ ರಸಕ್ಕೆ 30 ಗ್ರಾಂ ಕಾರ್ನ್‌ಫ್ಲೋರ್, ಒಂದು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು ಗಂಟಿಲ್ಲದಂತೆ ಕದಡಿ ಹಣ್ಣಿಗೆ ಸೇರಿಸಿ. ನಿಂಬೆರಸ ಇದಕ್ಕಿಂತ ಹೆಚ್ಚಿಸಬೇಡಿ. ಹುಳಿಯಲ್ಲಿ ಬಹಳ ಹೊತ್ತು ಬೆಂದರೆ ಕಾರ್ನ್‌ಫ್ಲೋರ್ ಹಿಡಿತ ಕಳೆದುಕೊಂಡು ಹೂರಣ ಮತ್ತೆ ತೆಳುವಾಗುತ್ತದೆ. ಕಾರ್ನ್‌ಫ್ಲೋರ್ ಹೂರಣ ಸ್ವಲ್ಪ ಮಸುಕು. ಕನ್ನಡಿಯಂತೆ ಹೊಳೆಯಬೇಕೆಂದರೆ ಅಷ್ಟೇ ತೂಕದ ಸಬ್ಬಕ್ಕಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ರಸದಲ್ಲಿ 15 ನಿಮಿಷ ನೆನೆಸಿ ಬಳಸಿ. ತರಿಯಾಗಿ ಉಳಿದರೆ ಮೇಲ್ಭಾಗದಲ್ಲಿ ಒಣಗಿ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಹಾಬಲೇಶ್ವರದ ಸ್ಟ್ರಾಬೆರಿ ಸಿಗುತ್ತದೆ. ಅದರಲ್ಲಿ ಮಾಡುವುದಾದರೆ ಕಾರ್ನ್‌ಫ್ಲೋರ್ 40 ಗ್ರಾಂ ಬೇಕು, ಹಣ್ಣನ್ನು ಎರಡು ಹೋಳಿಗಿಂತ ಸಣ್ಣಗೆ ಹೆಚ್ಚಬಾರದು. ಫ್ರೋಜನ್ ಬ್ಲೂಬೆರಿಯನ್ನು ಕರಗಿಸದೆ, ರಸ ಸೋಸುವ ಕೆಲಸವನ್ನೂ ಬಿಟ್ಟು, 35 ಗ್ರಾಂ ಕಾರ್ನ್‌ಫ್ಲೋರ್ ಬೆರೆಸಿ ಹಾಕಿ, ಹತ್ತು ನಿಮಿಷ ಹೆಚ್ಚು ಬೇಯಿಸಿ.

ಓಟಿಜಿಯನ್ನು 210 ಡಿಗ್ರಿಗೆ ಇಟ್ಟು ಮೇಲೆ ಕೆಳಗೆ ಎರಡೂ ರಾಡ್ ಹಾಕಿ, ಕೆಳಗಿನ ಹಲ್ಲಿನಲ್ಲಿ ಒಂದು ಕಬ್ಬಿಣದ ಕಾವಲಿ ಇಡಿ. ಹಿಡಿಯಿಲ್ಲದ ದೋಸೆ ಕಾವಲಿ ಒಳಗೆ ಹಿಡಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. 25 ನಿಮಿಷ ಕಾಯಲಿ. ಪೈ ತಟ್ಟೆ ಈ ಕಾದ ಕಬ್ಬಿಣದ ಮೇಲೆ ಕೂರುವುದರಿಂದ ತಳ ಮೊದಲ ಹತ್ತು ನಿಮಿಷದಲ್ಲೇ ಹಿಡಿದುಕೊಳ್ಳುತ್ತದೆ. ತಟ್ಟೆ ಅಲ್ಯೂಮಿನಿಯಂ ಆದರೆ ಬಿಸಿ ಬೇಗ ಏರುತ್ತದೆ, ಹಣ್ಣಿಗೆ ನಡುವೆ ಕಣಕವಿರುವುದರಿಂದ ಇಲ್ಲಿ ತೊಂದರೆಯಿಲ್ಲ. ಗಾಜಿನದಾದರೆ ತಳದ ಬಣ್ಣ ನೋಡಬಹುದು, ಆದರೆ ಫ್ರಿಜ್ಜಿನಿಂದ ತೆಗೆದದ್ದನ್ನು ಕಾದ ಕಬ್ಬಿಣದ ಮೇಲಿಟ್ಟರೆ ಗಾಜು ಸೀಳಬಹುದು. ನಾನು ಬಳಸುವುದು ಅಲ್ಯೂಮಿನಿಯಂ ತಟ್ಟೆಯನ್ನೇ.

ದೊಡ್ಡ ಬಿಲ್ಲೆಯನ್ನು 3 ಮಿ.ಮೀ. ದಪ್ಪ, 30 ಸೆಂ.ಮೀ. ಅಗಲಕ್ಕೆ ಲಟ್ಟಿಸಿ. ನಡುವಿನಿಂದ ಹೊರಕ್ಕೆ ಒತ್ತಿ, ಪ್ರತಿ ಸಲ ಕಾಲು ಸುತ್ತು ತಿರುಗಿಸಿ. ಅಂಟಿದರೆ ಎಳೆಯದೆ ಐದು ನಿಮಿಷ ಫ್ರಿಜ್ಜಿಗೆ ಕಳಿಸಿ. ಲಟ್ಟಣಿಗೆಗೆ ಸುತ್ತಿ ತಂದು ತಟ್ಟೆಯ ಮೇಲೆ ಬಿಡಿಸಿ, ಮೂಲೆಗೆ ಕಣಕ ತಾನೇ ಇಳಿಯುವಂತೆ ಅಂಚನ್ನು ಎತ್ತಿ ಕೂರಿಸಿ. ಹಿಗ್ಗಿಸಿ ಕೂರಿಸಿದ್ದು ಬೇಯುವಾಗ ಅಷ್ಟೇ ಕುಗ್ಗುತ್ತದೆ. ತಳಕ್ಕೆ ಒಂದು ದೊಡ್ಡ ಚಮಚ ಚಿರೋಟಿ ರವೆ ಉದುರಿಸಿ, ಮೊದಲು ಇಳಿಯುವ ರಸವನ್ನು ಅದು ಹೀರುತ್ತದೆ, ಬಾಯಿಗೆ ಗೊತ್ತೂ ಆಗುವುದಿಲ್ಲ. ಹೂರಣ ತುಂಬಿ, ಇನ್ನೊಂದು ಬಿಲ್ಲೆಯನ್ನು 2 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ ಚಾಪೆಯಂತೆ ಹೆಣೆಯಿರಿ. ಹೆಣಿಗೆ ಅಂದಕ್ಕೆ ಮಾತ್ರವಲ್ಲ, ಆವಿ ಹೋಗಲು ದಾರಿ. ಪೂರ್ತಿ ಮುಚ್ಚಿದರೆ ಐದಾರು ಕಡೆ ಸೀಳಲೇಬೇಕು. ಅಂಚು ಮಡಿಸಿ ಒತ್ತಿ, 20 ನಿಮಿಷ ಫ್ರಿಜ್ಜಿನಲ್ಲಿಟ್ಟು, ಹಾಲು ಸವರಿ, ಸ್ವಲ್ಪ ಸಕ್ಕರೆ ಉದುರಿಸಿ ಓವನ್ನಿಗೆ ಹಾಕಿ.

210 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180ಕ್ಕೆ ಇಳಿಸಿ 35ರಿಂದ 40 ನಿಮಿಷ. ಓಟಿಜಿಯಲ್ಲಿ ಮೇಲಿನ ರಾಡ್ ಹತ್ತಿರವಿರುವುದರಿಂದ ಅಂಚು ಬೇಗ ಕಪ್ಪಾಗುತ್ತದೆ, ಅರ್ಧ ದಾರಿಯಲ್ಲಿ ಅಲ್ಯೂಮಿನಿಯಂ ಫಾಯಿಲ್ ಉಂಗುರ ಹೊದಿಸಿ, ತಟ್ಟೆಯನ್ನು ತಿರುಗಿಸಿಡಿ. ಮೇಲಿನ ಬಣ್ಣ ನೋಡಿ ತೆಗೆಯಬೇಡಿ. ನೋಡಬೇಕಾದದ್ದು ನಡುವಿನ ಗುಳ್ಳೆ. ಅಂಚಿನಲ್ಲಿ ರಸ ಮೊದಲೇ ಕುದಿಯುತ್ತದೆ, ತೆಳ್ಳಗೆ, ಚಟಪಟ ಒಡೆಯುತ್ತದೆ. ನಡುವೆ ಹೆಣಿಗೆಯ ಸಂದಿನಲ್ಲಿ ಬೆಲ್ಲದ ಪಾಕದಂತೆ ನಿಧಾನವಾಗಿ ಉಬ್ಬಿ, ಒಂದು ಕ್ಷಣ ನಿಂತು ಒಡೆಯುವ ದಪ್ಪ ಗುಳ್ಳೆ ಕಂಡ ಮೇಲೆ ಇನ್ನೂ ಐದು ನಿಮಿಷ ಬಿಡಿ. ಕಾರ್ನ್‌ಫ್ಲೋರ್ ಪೂರ್ತಿ ಹಿಡಿಯುವುದು 95 ಡಿಗ್ರಿಯ ಆಸುಪಾಸಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರಲ್ಲಿ. ಹಾಗಾಗಿ ನಡುಭಾಗ ಕುದಿಯದ ಪೈ ಇಲ್ಲಿ ಗಟ್ಟಿಯಾಗುವುದೇ ಇಲ್ಲ. ತೆಗೆದ ಮೇಲೆ ನಾಲ್ಕು ಗಂಟೆ ಮುಟ್ಟಬಾರದು. ಬಿಸಿಯಿರುವಾಗ ಕೊಯ್ದರೆ ಸರಿಯಾಗಿ ಬೆಂದದ್ದೂ ಸಾರಿನಂತೆ ಹರಿಯುತ್ತದೆ, ಆಗ ಪಾಕವಿಧಾನವನ್ನು ದೂರಿ ಫಲವಿಲ್ಲ.

ನಿಂಬೆ ಪೈ ಇದಕ್ಕಿಂತ ಸುಲಭ, ನಮಗಂತೂ ತೀರ ಹತ್ತಿರದ್ದು. ಅಮೆರಿಕದ ಫ್ಲೋರಿಡಾದ ಕೀಸ್ ದ್ವೀಪಗಳ ಹೆಸರು ಹೊತ್ತ ಕೀ ಲೈಮ್ ಪೈ 2006ರಿಂದ ಆ ರಾಜ್ಯದ ಅಧಿಕೃತ ಪೈ. ಆ ಕೀ ಲೈಮ್ ಬೇರೆ ಯಾವುದೂ ಅಲ್ಲ, ನಾವು ಚಿತ್ರಾನ್ನಕ್ಕೆ ಹಿಂಡುವ ಸಣ್ಣ ಕಾಗ್ಜಿ ನಿಂಬೆಯ ಜಾತಿಯೇ. ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ದೊಡ್ಡ, ಬೀಜವಿಲ್ಲದ ಪರ್ಷಿಯನ್ ಲೈಮ್. ಅಲ್ಲಿರುವ ಕನ್ನಡಿಗರು ಬಲೆ ಚೀಲದಲ್ಲಿ ಮಾರುವ ಸಣ್ಣ ಹಣ್ಣು ಹುಡುಕಬೇಕು. ಇಲ್ಲಿ ವಿಜಯಪುರ ಜಿಲ್ಲೆಯ ಇಂಡಿ ನಿಂಬೆ ಸಿಕ್ಕರೆ ಬಿಡಬೇಡಿ, ಹುಳಿಯೂ ಘಮವೂ ಎರಡೂ ಜೋರು.

ತಳಕ್ಕೆ 180 ಗ್ರಾಂ ಡೈಜೆಸ್ಟಿವ್ ಬಿಸ್ಕತ್ತನ್ನು ಪುಡಿ ಮಾಡಿ, 80 ಗ್ರಾಂ ಕರಗಿಸಿದ ಬೆಣ್ಣೆ ಬೆರೆಸಿ, ಲೋಟದ ತಳದಿಂದ ಒತ್ತಿ, 170 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ ಆರಿಸಿ. ಹೂರಣಕ್ಕೆ 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ನಾಲ್ಕು ಮೊಟ್ಟೆಯ ಹಳದಿ, ಎರಡು ನಿಂಬೆಯ ಸಿಪ್ಪೆ ತುರಿ, 120 ಮಿ.ಲೀ. ರಸ. ಸಾಧಾರಣ ಗಾತ್ರದ ಎಂಟು ಹಣ್ಣು ಬೇಕಾಗುತ್ತದೆ. ಬೀಜ ಜಜ್ಜಿದರೆ ಕಹಿ ಬಿಡುತ್ತದೆ, ಸೋಸಿಕೊಳ್ಳಿ. ಹಳದಿಯನ್ನೂ ತುರಿಯನ್ನೂ ಮೊದಲು ಕದಡಿ, ಹಾಲು ಸೇರಿಸಿ, ರಸವನ್ನು ಕೊನೆಗೆ ಹಾಕಿ. ಹುಳಿ ತಾಗಿದ ಕೂಡಲೇ ಹಾಲಿನ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಮಿಶ್ರಣ ಕಣ್ಣೆದುರಿಗೇ ದಪ್ಪವಾಗುತ್ತದೆ. ಸಕ್ಕರೆ ಅಷ್ಟಿರುವುದರಿಂದ ಮೊಸರಿನಂತೆ ಒಡೆಯುವುದಿಲ್ಲ. ಹತ್ತು ನಿಮಿಷ ಬಿಟ್ಟು ತಳಕ್ಕೆ ಸುರಿದು, 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಬೇಯಿಸಿ. ಅಂಚು ನಿಂತು, ನಡುವೆ ಗಿಣ್ಣಿನಂತೆ ಅಲುಗಬೇಕು. ಅಲುಗಾಟ ನಿಲ್ಲುವವರೆಗೆ ಕಾದರೆ ಮೊಟ್ಟೆ ಬಿಗಿದು, ಆರುವಾಗ ಮೇಲ್ಮೈ ಬಿರಿಯುತ್ತದೆ. ಆರಿಸಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಬಣ್ಣ ತಿಳಿ ಹಳದಿ ಬರುತ್ತದೆ, ಅದೇ ಸರಿ, ಹಸಿರು ಬಣ್ಣ ಬೆರೆಸಬೇಡಿ.

ಮೊಟ್ಟೆ ಬಳಸದ ಮನೆಯಲ್ಲಿ ಹಳದಿಯ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು 100 ಗ್ರಾಂ, ರಸ 100 ಮಿ.ಲೀ. ಸಾಕು. 160 ಡಿಗ್ರಿಯಲ್ಲಿ 15 ನಿಮಿಷ. ಮೊಟ್ಟೆಯದ್ದಕ್ಕಿಂತ ಮೆದು, ಆದ್ದರಿಂದ ಇಡೀ ರಾತ್ರಿ ಫ್ರಿಜ್ಜಿನಲ್ಲಿದ್ದರೇ ತುಂಡು ನಿಲ್ಲುತ್ತದೆ.

ನಿಂಬೆ ಪೈ ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಹಿಪ್ಪುನೇರಳೆಯದ್ದನ್ನು ಮರುದಿನ ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ, ಕಣಕ ತೇವವಾಗುತ್ತದೆ. 160 ಡಿಗ್ರಿಯ ಓವನ್ನಿನಲ್ಲಿ 12 ನಿಮಿಷ ಇಟ್ಟರೆ ಪದರ ಮತ್ತೆ ಗರಿಗರಿಯಾಗುತ್ತದೆ. ಕತ್ತರಿಸಿ ಉಳಿದ ಕಣಕದ ಚೂರುಗಳನ್ನು ಉಂಡೆ ಕಟ್ಟಬೇಡಿ, ಒಂದರ ಮೇಲೊಂದು ಜೋಡಿಸಿ ಲಟ್ಟಿಸಿ, ಸ್ವಲ್ಪ ಸಕ್ಕರೆ ಉದುರಿಸಿ, 180 ಡಿಗ್ರಿಯಲ್ಲಿ 12 ನಿಮಿಷ ಬೇಯಿಸಿ. ಪೈ ಆರುವ ನಾಲ್ಕು ಗಂಟೆ ಮಕ್ಕಳನ್ನು ತಡೆದು ಕೂರಿಸಲು ಅದು ಸಾಕಾಗುತ್ತದೆ.