ಮೌಸ್ ಡ್ರಾಯರಿನಲ್ಲಿರಲಿ: ಕೀಲಿಮಣೆಯಿಂದಲೇ ಕೆಲಸದ ಪಟ್ಟಿ

ಊರಿನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯ ಹೊಣೆ ನನ್ನ ಹೆಗಲೇರಿತು. ಲೇಖನ ಕೊಡಬೇಕಾದವರು, ಜಾಹೀರಾತಿನ ಹಣ ಬಾಕಿ ಉಳಿಸಿಕೊಂಡವರು, ಹಳೆಯ ಫೋಟೊ ಹುಡುಕಿ ಕೊಡುತ್ತೇನೆಂದು ಮಾತು ಕೊಟ್ಟು ಮರೆತವರು ಎಲ್ಲ ಸೇರಿ ಪಟ್ಟಿ ನೂರೆಂಬತ್ತು ಸಾಲು ದಾಟಿತು. ಅಷ್ಟನ್ನೂ ಟುಡೂಯಿಸ್ಟ್ ಎಂಬ ಕಾರ್ಯಪಟ್ಟಿ ತಂತ್ರಾಂಶಕ್ಕೆ ಹಾಕಿದೆ. ಒಂದು ಸಾಲಿಗೆ ದಿನಾಂಕ ಕೊಡಬೇಕೆಂದರೆ ಮೌಸ್ ಹಿಡಿಯಬೇಕು, ಬಾಣವನ್ನು ಆ ಸಾಲಿನ ಮೇಲೆ ತರಬೇಕು, ಆಗ ಮೂಡುವ ಪುಟ್ಟ ಚಿತ್ರವನ್ನು ಒತ್ತಬೇಕು, ಕ್ಯಾಲೆಂಡರಿನಲ್ಲಿ ತಾರೀಕು ಹುಡುಕಬೇಕು, ಕೈಯನ್ನು ಮತ್ತೆ ಕೀಲಿಮಣೆಗೆ ತರಬೇಕು. ಹೀಗೆ ನೂರೆಂಬತ್ತು ಸಲ. ಮೂರನೆಯ ದಿನ ಬಲಗೈಯ ಮಣಿಕಟ್ಟು ಹಿಡಿದುಕೊಂಡಿತು. ನಾಲ್ಕನೆಯ ದಿನ ಮೌಸ್ ಡ್ರಾಯರು ಸೇರಿತು.

ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವಂಥದ್ದೇ: ನಲವತ್ತು ಶಾರ್ಟ್‌ಕಟ್‌ಗಳನ್ನು, ಅಂದರೆ ಮೌಸ್ ಬದಲು ಒತ್ತುವ ಕೀಲಿಗಳನ್ನು, ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ. ಒಂದು ವಾರದಲ್ಲಿ ಚೀಟಿ ಬಿತ್ತು, ಅದರಲ್ಲಿದ್ದದ್ದು ತಲೆಯಲ್ಲೂ ಉಳಿಯಲಿಲ್ಲ. ಬಾಯಿಪಾಠ ಮಾಡಿ ಬರುವ ವಿದ್ಯೆ ಇದಲ್ಲ. ಕೀಲಿ ಒತ್ತುವ ಮೊದಲು ಎರಡು ಸಂಗತಿ ಗೊತ್ತಿರಬೇಕು: ಗಣಕದ ಗಮನ ಈಗ ಪರದೆಯ ಯಾವ ಜಾಗದಲ್ಲಿದೆ? ಕೀಲಿಮಣೆ ಈಗ ಯಾವ ಭಾಷೆಯಲ್ಲಿದೆ? ಎರಡನೆಯ ಪ್ರಶ್ನೆಯನ್ನು ಇಂಗ್ಲಿಷಿನ ಕೈಪಿಡಿಗಳು ಕೇಳುವುದಿಲ್ಲ, ಅವರಿಗೆ ಅದರ ಅಗತ್ಯವಿಲ್ಲ. ನಮಗೆ ಅರ್ಧ ತೊಂದರೆ ಅಲ್ಲಿಯೇ.

ಗಮನ ಎಲ್ಲಿದೆ?

ತಂತ್ರಾಂಶವನ್ನು ಬ್ರೌಸರಿನಲ್ಲಿ ತೆರೆದು ಟ್ಯಾಬ್ ಕೀಲಿಯನ್ನು ನಿಧಾನವಾಗಿ ಒತ್ತುತ್ತಾ ಹೋಗಿ. ಒಂದು ಚೌಕಟ್ಟು ಗುಂಡಿಯಿಂದ ಗುಂಡಿಗೆ, ಕೊಂಡಿಯಿಂದ ಕೊಂಡಿಗೆ ನೆಗೆಯುತ್ತದೆ. ಅದೇ ಗಮನ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಕ್ಕೆ ಬರುತ್ತದೆ. ಕೊಂಡಿಯ ಮೇಲಿದ್ದಾಗ ಎಂಟರ್, ಗುಂಡಿಯ ಮೇಲಿದ್ದಾಗ ಎಂಟರ್ ಅಥವಾ ಸ್ಪೇಸ್, ಮೆನುವಿನೊಳಗೆ ಬಾಣದ ಕೀಲಿಗಳು, ತೆರೆದದ್ದನ್ನು ಮುಚ್ಚಲು ಎಸ್ಕೇಪ್. ಇಷ್ಟು ಬಂದರೆ ಯಾವ ತಂತ್ರಾಂಶದಲ್ಲೂ ಹೊಟ್ಟೆಪಾಡು ನಡೆಯುತ್ತದೆ. ಮ್ಯಾಕ್ ಗಣಕದ ಸಫಾರಿಯಲ್ಲಿ ಮಾತ್ರ ಟ್ಯಾಬ್ ತಾನಾಗಿ ಕೊಂಡಿಗಳ ಮೇಲೆ ನಿಲ್ಲುವುದಿಲ್ಲ, ಆಪ್ಷನ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕು.

ಆದರೆ ನೂರೆಂಬತ್ತು ಸಾಲನ್ನು ಟ್ಯಾಬ್‌ನಿಂದ ದಾಟುವುದು ಜಾತ್ರೆಯ ರಥಬೀದಿಯನ್ನು ಅಂಗಡಿ ಅಂಗಡಿಗೂ ನಿಂತು ದಾಟಿದಂತೆ. ಪಟ್ಟಿಯೊಳಗೆ ಓಡಾಡಲು ಬೇರೆ ಎರಡು ಕೀಲಿಗಳಿವೆ: ಕೆಳಗಿನ ಸಾಲಿಗೆ ಜೆ, ಮೇಲಿನ ಸಾಲಿಗೆ ಕೆ. ಬಾಣದ ಕೀಲಿಗಳೂ ಅದೇ ಕೆಲಸ ಮಾಡುತ್ತವೆ, ಆದರೆ ಕೈ ಅಷ್ಟು ದೂರ ಹೋಗಿ ಬರಬೇಕು. ಜೆ ಕೀಲಿಯ ಮೇಲೆ ಬೆರಳಿಗೆ ತಾಗುವ ಸಣ್ಣ ಉಬ್ಬೊಂದು ಇರುತ್ತದೆ, ಸವರಿ ನೋಡಿ. ಬಲ ತೋರುಬೆರಳು ವಿಶ್ರಮಿಸುವ ಜಾಗವೇ ಅದು, ಕಣ್ಣು ಪರದೆಯಿಂದ ಕದಲುವ ಪ್ರಮೇಯವಿಲ್ಲ.

ಕೆಳಗೆ ಹೋಗಲು ಜೆ ಏಕೆ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. 1976ರಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ವಿಐ ಎಂಬ ಪಠ್ಯ ಸಂಪಾದಕವನ್ನು ಬರೆದಾಗ ಅವನ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್, ಅಂದರೆ ದೂರದ ಗಣಕಕ್ಕೆ ಜೋಡಿಸಿದ ಪರದೆ ಮತ್ತು ಕೀಲಿಮಣೆ. ಅದಕ್ಕೆ ಪ್ರತ್ಯೇಕ ಬಾಣದ ಕೀಲಿಗಳೇ ಇರಲಿಲ್ಲ, ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ನಾಲ್ಕು ದಿಕ್ಕಿನ ಬಾಣಗಳನ್ನು ಅಚ್ಚು ಹಾಕಿದ್ದರು. ಅಕ್ಷರಗಳನ್ನು ಗಣಕಕ್ಕೆ ಅಂಕಿಗಳಾಗಿ ತಿಳಿಸುವ, ಅದಕ್ಕೂ ಹಿಂದಿನ ಆಸ್ಕಿ ಸಂಕೇತಗಳಲ್ಲಿ ಕಂಟ್ರೋಲ್ ಜೊತೆ ಜೆ ಒತ್ತಿದರೆ ಒಂದು ಸಾಲು ಕೆಳಗಿಳಿ ಎಂದರ್ಥ. ಆ ಟರ್ಮಿನಲ್ ಗುಜರಿ ಸೇರಿ ಎಷ್ಟೋ ಕಾಲವಾಗಿದೆ, ಅದರ ಎರಡು ಬಾಣಗಳು ಮಾತ್ರ ಜಿಮೇಲ್, ಕಚೇರಿಯ ತಂಡಗಳು ಕೆಲಸ ಹಂಚಿಕೊಳ್ಳುವ ಜಿರಾ, ಟುಡೂಯಿಸ್ಟ್‌ಗಳಲ್ಲಿ ಇನ್ನೂ ಬಾಳುತ್ತಿವೆ.

ಕೋಣೆಯಿಂದ ಕೋಣೆಗೆ

ಟುಡೂಯಿಸ್ಟ್‌ನಲ್ಲಿ ಜಾಗ ಬದಲಿಸಲು ಜಿ ಕೀಲಿ. ಇದನ್ನು ಕಂಟ್ರೋಲ್‌ನಂತೆ ಹಿಡಿದುಕೊಳ್ಳುವುದಲ್ಲ, ಒತ್ತಿ ಬಿಟ್ಟು ಮುಂದಿನ ಅಕ್ಷರವನ್ನು ಒತ್ತುವುದು. ಜಿ ಆದ ಮೇಲೆ ಟಿ ಒತ್ತಿದರೆ ಇಂದಿನ ಕೆಲಸಗಳು, ಐ ಒತ್ತಿದರೆ ಇನ್‌ಬಾಕ್ಸ್, ಯು ಒತ್ತಿದರೆ ಮುಂಬರುವ ದಿನಗಳು. ಹೊಸಬರು ಎರಡನ್ನೂ ಒಟ್ಟಿಗೆ ಅದುಮಿ ಏನೂ ಆಗಲಿಲ್ಲವೆಂದು ಕೈಬಿಡುತ್ತಾರೆ. ಎಡಭಾಗದ ಪಟ್ಟಿ ಅಡ್ಡವೆನಿಸಿದರೆ ಎಂ ಒತ್ತಿ, ಮರೆಯಾಗುತ್ತದೆ.

ನಾನು ಹೆಚ್ಚು ಬಳಸುವುದು ಕಂಟ್ರೋಲ್ ಮತ್ತು ಕೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಒಂದು ಹುಡುಕು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಯೋಜನೆಯ (ಒಂದೇ ಬಗೆಯ ಕೆಲಸಗಳನ್ನು ಒಟ್ಟಿಗಿಡುವ ಪಟ್ಟಿಯ) ಹೆಸರಿನ ಮೊದಲೆರಡು ಅಕ್ಷರ ಹೊಡೆದು ಎಂಟರ್ ಒತ್ತಿದರೆ ಅಲ್ಲಿಗೆ ಹಾಜರು. ಇಲ್ಲಿ ಕನ್ನಡವೂ ನಡೆಯುತ್ತದೆ. "ಜಾಹೀ" ಎನ್ನುವಷ್ಟರಲ್ಲಿ ನನ್ನ ಜಾಹೀರಾತು ಯೋಜನೆ ಮೇಲೆ ಬಂದಿರುತ್ತದೆ.

ಸೇರಿಸುವುದು, ತಿದ್ದುವುದು

ಎಲ್ಲಿದ್ದರೂ ಕ್ಯೂ ಒತ್ತಿದರೆ ಹೊಸ ಕೆಲಸದ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒಂದೇ ಯೋಜನೆಗೆ ಸಾಲು ಸಾಲಾಗಿ ಕೆಲಸ ಹಾಕುವುದಿದ್ದರೆ ಕ್ಯೂಗಿಂತ ಎ ಒಳ್ಳೆಯದು: ಪಟ್ಟಿಯ ತುದಿಯಲ್ಲಿ ಖಾಲಿ ಸಾಲು ಬರುತ್ತದೆ, ಬರೆದು ಎಂಟರ್ ಒತ್ತಿದರೆ ಅದು ಉಳಿದು ಮತ್ತೊಂದು ಖಾಲಿ ಸಾಲು ಸಿದ್ಧ. ಮುಗಿದಾಗ ಎಸ್ಕೇಪ್.

ಬರೆಯುವ ಸಾಲಿನಲ್ಲೇ ಉಳಿದ ವಿವರಗಳನ್ನೂ ತುಂಬಬಹುದು. ಹ್ಯಾಶ್ ಗುರುತು ಹಾಕಿ ಯೋಜನೆಯ ಹೆಸರು, ಅಟ್ ಗುರುತು ಹಾಕಿ ಲೇಬಲ್, ಇಂಗ್ಲಿಷಿನ ಪಿ ಅಕ್ಷರಕ್ಕೆ 1 ಸೇರಿಸಿದರೆ ಅತಿ ತುರ್ತಿನ ಕೆಂಪು ಬಾವುಟ. ದಿನಾಂಕವನ್ನು ಮಾತಿನಂತೆಯೇ ಬರೆಯಬಹುದು, ಆದರೆ ಇಂಗ್ಲಿಷಿನಲ್ಲಿ ಅಥವಾ ಅದು ಬಲ್ಲ ಬೇರೆ ಕೆಲವು ಭಾಷೆಗಳಲ್ಲಿ. ಕನ್ನಡದ "ನಾಳೆ" ಅದಕ್ಕೆ ಬರಿಯ ಹೆಸರಿನ ಭಾಗ. ಟಿ, ಓ, ಎಂ ಎಂಬ ಮೂರು ಅಕ್ಷರ ಹೊಡೆದರೆ ನಾಳೆಯ ತಾರೀಕು ಕೂರುತ್ತದೆ.

ಆಗಲೇ ಇರುವ ಕೆಲಸವನ್ನು ಬದಲಿಸಲು ಜೆ, ಕೆಗಳಿಂದ ಅದರ ಮೇಲೆ ಹೋಗಿ ನಿಲ್ಲಿ. ಟಿ ಒತ್ತಿದರೆ ದಿನಾಂಕ ಕೇಳುತ್ತದೆ, 1ರಿಂದ 4ರವರೆಗಿನ ಅಂಕಿಗಳು ಆದ್ಯತೆ, ವಿ ಒತ್ತಿದರೆ ಬೇರೆ ಯೋಜನೆಗೆ ಸಾಗಿಸುವುದು, ಸಿ ಒತ್ತಿದರೆ ಟಿಪ್ಪಣಿ. ಎಂಟರ್ ಕೆಲಸದ ಪೂರ್ಣ ವಿವರ ತೆರೆಯುತ್ತದೆ. ಇ ಒತ್ತಿದರೆ ಕೆಲಸ ಮುಗಿಯಿತೆಂದು ಅರ್ಥ. ಪ್ರತಿ ಶುಕ್ರವಾರ ಬರುವಂಥ ಕೆಲಸವಾದರೆ ಅದು ಪಟ್ಟಿಯಿಂದ ಹೋಗದೆ ಮುಂದಿನ ಶುಕ್ರವಾರಕ್ಕೆ ಜಿಗಿಯುತ್ತದೆ.

ನನ್ನ ಮಣಿಕಟ್ಟನ್ನು ಉಳಿಸಿದ್ದು ಎಕ್ಸ್ ಕೀಲಿ. ಫೋಟೊ ಕೊಡಬೇಕಾದ ಹನ್ನೆರಡು ಮಂದಿಗೂ ಒಂದೇ ಗಡುವು ಹಾಕಬೇಕಿತ್ತು. ಮೊದಲ ಹೆಸರಿನ ಮೇಲೆ ಎಕ್ಸ್ ಒತ್ತಿದೆ, ಅದು ಆಯ್ಕೆಯಾಯಿತು. ಜೆ, ಎಕ್ಸ್, ಜೆ, ಎಕ್ಸ್ ಎಂದು ಕೆಳಗಿಳಿದೆ. ನಡುವೆ ಆಗಲೇ ಫೋಟೊ ಕೊಟ್ಟಿದ್ದ ಇಬ್ಬರನ್ನು ಬರಿಯ ಜೆಯಿಂದ ದಾಟಿದೆ. ಕೊನೆಯಲ್ಲಿ ಒಂದು ಸಲ ಟಿ ಒತ್ತಿ, ತಾರೀಕು ಬರೆದು, ಎಂಟರ್. ಕಾಫಿ ಲೋಟ ಎಡಗೈಯಲ್ಲೇ ಇತ್ತು.

ಕನ್ನಡದ ಬಲೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಕೆಲಸದ ಹೆಸರನ್ನು ಕನ್ನಡದಲ್ಲಿ ಬರೆದಿರಿ, ಎಂಟರ್, ಎಸ್ಕೇಪ್ ಆಯಿತು, ಜೆ ಒತ್ತಿದಿರಿ. ಏನೂ ಆಗಲಿಲ್ಲ. ಮತ್ತೆ ಒತ್ತಿದಿರಿ, ಇಲ್ಲ. ತಂತ್ರಾಂಶ ಕೆಟ್ಟಿತೆಂದು ಪುಟವನ್ನು ಮರುಲೋಡ್ ಮಾಡುವ ಮುನ್ನ ಪರದೆಯ ಮೂಲೆಯ ಭಾಷೆಯ ಗುರುತನ್ನು ನೋಡಿ. ಕೀಲಿಮಣೆ ಇನ್ನೂ ಕನ್ನಡದಲ್ಲಿದೆ. ಭಾರತೀಯ ಭಾಷೆಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಜೆ ಒತ್ತಿದರೆ ಹೋಗುವುದು "ರ". ಒಂದಕ್ಷರದ ಶಾರ್ಟ್‌ಕಟ್‌ಗಳಲ್ಲಿ ಹೆಚ್ಚಿನವು ಕಾಯುತ್ತಾ ಕುಳಿತಿರುವುದು ರೋಮನ್ ಅಕ್ಷರಕ್ಕೆ. "ರ" ಬಂದರೆ ಅವು ಕಿವುಡು.

ಹ್ಯಾಶ್ ಗುರುತಿನದು ಇನ್ನೂ ತಮಾಷೆ. ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಹಿಡಿದು 3 ಒತ್ತಿದರೆ ಬರುವುದು ಹ್ಯಾಶ್ ಅಲ್ಲ, ರ-ಒತ್ತು. ಯೋಜನೆಯ ಹೆಸರು ಸೂಚಿಸಲು ಹೋದರೆ ಹಿಂದಿನ ಅಕ್ಷರಕ್ಕೆ ಒಂದು ಒತ್ತು ಜೋತುಬೀಳುತ್ತದೆ. ಕೆ.ಪಿ. ರಾವ್ ವಿನ್ಯಾಸವನ್ನು 'ನುಡಿ' ಎಂಬ ಕನ್ನಡ ತಂತ್ರಾಂಶದ ಮೂಲಕ ಬಳಸುವವರಿಗೆ ಜೆ ಒತ್ತಿದಾಗ "ಜ" ಬರುತ್ತದೆ, ಉಚ್ಚಾರಕ್ಕೆ ಹತ್ತಿರವಿದ್ದರೂ ತಂತ್ರಾಂಶಕ್ಕೆ ಅದೂ ಅಪರಿಚಿತವೇ.

ಭಾಷೆ ಬದಲಿಸುವ ಕೀಲಿಯನ್ನು ಉಳಿದೆಲ್ಲ ಶಾರ್ಟ್‌ಕಟ್‌ಗಳಿಗಿಂತ ಮೊದಲು ಕೈಗೆ ಕಲಿಸಬೇಕು. ವಿಂಡೋಸ್‌ನ ಸ್ವಂತ ಕನ್ನಡ ಕೀಲಿಮಣೆಯಾದರೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್. ನುಡಿಯಲ್ಲಿ ಸ್ಕ್ರೋಲ್ ಲಾಕ್, 'ಬರಹ' ತಂತ್ರಾಂಶದಲ್ಲಿ ಎಫ್11. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇರುವುದಿಲ್ಲವಾದ್ದರಿಂದ ನುಡಿ ಬಳಸುವವರು ಇದಕ್ಕೊಂದು ಏರ್ಪಾಡು ಮಾಡಿಕೊಂಡೇ ಕೂರಬೇಕು.

ಭಾಷೆ ಬದಲಿಸುವ ಸಂಖ್ಯೆಯನ್ನೇ ಕಡಿಮೆ ಮಾಡಬೇಕೆಂದು ನಾನು ಹೀಗೆ ಮಾಡುತ್ತೇನೆ: ಮೊದಲು ಎ ಒತ್ತಿ, ಕನ್ನಡಕ್ಕೆ ಹೋಗಿ, ಇಪ್ಪತ್ತು ಕೆಲಸಗಳ ಹೆಸರನ್ನು ಒಂದೇ ಓಟದಲ್ಲಿ ಬರೆದು ಮುಗಿಸುತ್ತೇನೆ. ದಿನಾಂಕ, ಆದ್ಯತೆ ಯಾವುದನ್ನೂ ಮುಟ್ಟುವುದಿಲ್ಲ. ಆಮೇಲೆ ಇಂಗ್ಲಿಷಿಗೆ ಬಂದು ಜೆ, ಟಿ, ಅಂಕಿ ಎಂದು ಎರಡನೆಯ ಸುತ್ತು. ಬಿತ್ತನೆ ಒಂದು ದಿನ, ಕಳೆ ತೆಗೆಯುವುದು ಇನ್ನೊಂದು ದಿನ ಎಂಬಂತೆ.

ಅದೇ ಅಕ್ಷರ, ಬೇರೆ ಹಣೆಬರಹ

ಒಂದು ತಂತ್ರಾಂಶದ ಅಭ್ಯಾಸವನ್ನು ಇನ್ನೊಂದಕ್ಕೆ ಕೊಂಡೊಯ್ಯುವಾಗ ಹುಷಾರು. ಸಿ ಅಕ್ಷರವನ್ನೇ ನೋಡಿ. ಜಿಮೇಲ್‌ನಲ್ಲಿ ಅದು ಹೊಸ ಪತ್ರ ತೆರೆಯುತ್ತದೆ, ಜಿರಾದಲ್ಲಿ ಹೊಸ ಕೆಲಸ ಸೃಷ್ಟಿಸುತ್ತದೆ, ಟುಡೂಯಿಸ್ಟ್‌ನಲ್ಲಿ ಟಿಪ್ಪಣಿ, ಕೆಲಸಗಳನ್ನು ಹಲಗೆಯ ಮೇಲಿನ ಕಾರ್ಡುಗಳಂತೆ ತೋರಿಸುವ ಟ್ರೆಲ್ಲೊದಲ್ಲಿ ಕಾರ್ಡನ್ನು ಕಡತಕ್ಕೆ ಸೇರಿಸಿ ಹಲಗೆಯಿಂದ ಮಾಯ ಮಾಡುತ್ತದೆ. ಒಂದು ಕಡೆ ಹುಟ್ಟು, ಇನ್ನೊಂದು ಕಡೆ ವಿದಾಯ.

ಸ್ಮರಣ ಸಂಚಿಕೆಗೂ ಮೊದಲು ಬೇರೊಂದು ತಂತ್ರಾಂಶ ಬಳಸುತ್ತಿದ್ದೆ. ಒಂದು ಸಂಜೆ ಹೊಸ ಕೆಲಸದ ಪೆಟ್ಟಿಗೆ ತೆರೆದಿದೆಯೆಂದು ನಂಬಿ, ಪರದೆ ನೋಡದೆ, ಟಿಪ್ಪಣಿ ಪುಸ್ತಕ ನೋಡುತ್ತಾ ಇಡೀ ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದೆ. ಪೆಟ್ಟಿಗೆ ತೆರೆದಿರಲಿಲ್ಲ. ಒಂದೊಂದು ಅಕ್ಷರವೂ ಒಂದೊಂದು ಆಜ್ಞೆಯಾಗಿ ಓಡಿತು. ತಲೆಯೆತ್ತಿದಾಗ ಮೂರು ಕೆಲಸ ಕಾಣೆಯಾಗಿದ್ದವು, ಒಂದಕ್ಕೆ ಯಾರೋ ಸಹೋದ್ಯೋಗಿಯ ಹೆಸರು ಅಂಟಿಕೊಂಡಿತ್ತು, ಅವರು ಫೋನ್ ಮಾಡಿ "ಇದೇನು ಸರ್, ನನಗೆ ಯಾಕೆ?" ಎಂದು ಕೇಳುತ್ತಿದ್ದರು. ತಪ್ಪು ತಂತ್ರಾಂಶದ್ದಲ್ಲ, ನನ್ನದೇ. ಅಂದಿನಿಂದ ಮೊದಲ ಅಕ್ಷರ ಪೆಟ್ಟಿಗೆಯಲ್ಲಿ ಮೂಡಿದ್ದನ್ನು ಕಂಡ ಮೇಲೆಯೇ ಎರಡನೆಯದನ್ನು ಒತ್ತುತ್ತೇನೆ. ಟುಡೂಯಿಸ್ಟ್‌ನಲ್ಲಿ ಹೀಗೇನಾದರೂ ಆದರೆ ಕೂಡಲೇ ಜಡ್ ಒತ್ತಿ, ಕೊನೆಯ ಹೆಜ್ಜೆ ಹಿಂದಕ್ಕೆ ಬರುತ್ತದೆ.

ಯಾವ ಕೀಲಿ ಏನು ಮಾಡುತ್ತದೆಂದು ಮರೆತಾಗ ಪ್ರಶ್ನಾರ್ಥಕ ಚಿಹ್ನೆ ಒತ್ತಿ. ಮೇಲೆ ಹೆಸರಿಸಿದ ನಾಲ್ಕೂ ಕಡೆ ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. ಜಿಮೇಲ್‌ನಲ್ಲಿ ಮಾತ್ರ ಆ ಪಟ್ಟಿಯ ಕೀಲಿಗಳು ನಡೆಯಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಕೀಲಿಮಣೆ ಶಾರ್ಟ್‌ಕಟ್‌ಗಳನ್ನು ಮೊದಲು ಚಾಲನೆ ಮಾಡಿಕೊಂಡಿರಬೇಕು.

ಕಣ್ಣಿನ ಬದಲು ಕಿವಿಯಿಂದ

ಮೌಸ್ ಬಿಡುವುದು ನನಗೆ ಮಣಿಕಟ್ಟಿನ ಮಾತು. ಪರದೆಯನ್ನು ಕಿವಿಯಿಂದ ಓದುವ ಅಂಧರಿಗೆ ಕೀಲಿಮಣೆಯೇ ದಾರಿ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಕನ್ನಡವನ್ನೂ ಓದುತ್ತದೆ. ಅದನ್ನು ಬಳಸುವವರಿಗೆ ಮೇಲಿನ ಕೀಲಿಗಳಲ್ಲಿ ಹಲವು ಮೊದಲ ಸಲ ಕೆಲಸ ಮಾಡುವುದಿಲ್ಲ, ಏಕೆಂದರೆ ಎನ್‌ವಿಡಿಎ ಪುಟ ಓದುವಾಗ ಅದೇ ಅಕ್ಷರಗಳನ್ನು ತನಗೇ ಇಟ್ಟುಕೊಳ್ಳುತ್ತದೆ: ಕೆ ಒತ್ತಿದರೆ ಮುಂದಿನ ಕೊಂಡಿ, ಇ ಒತ್ತಿದರೆ ಬರೆಯುವ ಪೆಟ್ಟಿಗೆ, ಟಿ ಒತ್ತಿದರೆ ಕೋಷ್ಟಕ, 1 ಒತ್ತಿದರೆ ಮೊದಲ ಹಂತದ ಶೀರ್ಷಿಕೆ. ಕೀಲಿಗಳು ತಂತ್ರಾಂಶಕ್ಕೆ ತಲುಪಬೇಕಾದರೆ ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಫೋಕಸ್ ಸ್ಥಿತಿಗೆ ಹೋಗಬೇಕು; ಬದಲಾದದ್ದು ಸಣ್ಣ ಸದ್ದಿನಿಂದ ತಿಳಿಯುತ್ತದೆ. ಒಂದೇ ಒಂದು ಕೀಲಿಯನ್ನು ದಾಟಿಸಬೇಕಿದ್ದರೆ ಎನ್‌ವಿಡಿಎ ಕೀಲಿ ಹಿಡಿದು ಎಫ್2, ಆಮೇಲೆ ಬೇಕಾದ ಅಕ್ಷರ.

ಧ್ವನಿಯಿಂದ ಗಣಕ ನಡೆಸುವವರ ಪಾಡು ಇನ್ನೊಂದು ತರಹ. ಅವರು ಆಡಿದ ಮಾತು ಅಕ್ಷರಗಳಾಗಿ ಪುಟಕ್ಕೆ ಬಿದ್ದರೆ ನನಗಾದದ್ದೇ ಅವರಿಗೂ ಆಗುತ್ತದೆ, ಅದೂ ದಿನಕ್ಕೆ ಹಲವು ಸಲ. 2018ರಲ್ಲಿ ಬಂದ ಜಾಲತಾಣ ಸುಗಮ್ಯತೆಯ ಮಾರ್ಗಸೂಚಿ 2.1ರಲ್ಲಿ ಇದಕ್ಕೆಂದೇ ಒಂದು ನಿಯಮವಿದೆ: ಒಂದಕ್ಷರದ ಶಾರ್ಟ್‌ಕಟ್ ಇಟ್ಟರೆ ಅದನ್ನು ನಿಲ್ಲಿಸಿಡಲು ಅಥವಾ ಕಂಟ್ರೋಲ್‌ನಂಥ ಕೀಲಿ ಜೊತೆಗೂಡುವಂತೆ ಬದಲಿಸಲು ಅವಕಾಶವಿರಬೇಕು, ಇಲ್ಲವೇ ಗಮನ ಆ ಭಾಗದ ಮೇಲಿದ್ದಾಗ ಮಾತ್ರ ಅದು ನಡೆಯಬೇಕು. ನಿಮ್ಮ ಕಚೇರಿಗೆ ಹೊಸ ತಂತ್ರಾಂಶ ಕೊಳ್ಳುವ ಮಾತು ಬಂದಾಗ ಮಾರಾಟಕ್ಕೆ ಬಂದವರ ಕೈಯಿಂದ ಮೌಸ್ ತೆಗೆದಿಟ್ಟು, "ಒಂದು ಕೆಲಸ ಸೇರಿಸಿ, ದಿನಾಂಕ ಹಾಕಿ, ಮುಗಿಸಿ ತೋರಿಸಿ" ಎಂದು ಕೇಳಿ ನೋಡಿ.